ನಿರ್ಧಾರವೆಲ್ಲ ಪ್ರಧಾನ ಕಚೇರಿಯಲ್ಲೇ ಆಗುವುದಾದರೆ ಪ್ರಾದೇಶಿಕ ಕಚೇರಿಯಲ್ಲಿ ಬೆಳೆಯುವುದು ಹೇಗೆ?

ತಡರಾತ್ರಿ_ಕರೆ
ದೊಡ್ಡ ತಂತ್ರಾಂಶ ಕಂಪನಿಯೊಂದರ ಪ್ರಾದೇಶಿಕ ಕಚೇರಿಯಲ್ಲಿ ಕೆಲವು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ಕಂಪನಿಯ ಹೆಸರು ಬೇಡ. ಸಂಬಳಕ್ಕೆ ಕೊರತೆಯಿಲ್ಲ, ಜೊತೆಗಾರರು ಒಳ್ಳೆಯವರು, ಕೆಲಸವೂ ತಲೆಗೆ ಮೇವು ಕೊಡುವಂಥದ್ದೇ. ದೂರು ಒಂದೇ: ಇಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ.

ಮೊನ್ನೆಯ ಮೀಟಿಂಗ್ ನೋಡಿ. ಅಲ್ಲಿ ಪ್ರಧಾನ ಕಚೇರಿಯಲ್ಲಿ ಉದ್ದ ಮೇಜಿನ ಸುತ್ತ ಹತ್ತಾರು ಮಂದಿ, ಇಲ್ಲಿ ಪರದೆಯ ಮುಂದೆ ನಾವು ಮೂವರು. ಮೇಜಿನ ನಡುವೆ ಒಂದೇ ಮೈಕು. ಅದರ ಪಕ್ಕದಲ್ಲಿದ್ದವರು ಕಾಗದ ಸರಿಸಿದರೆ ನಮಗೆ ಗುಡುಗು ಕೇಳುತ್ತದೆ, ಮೂಲೆಯಲ್ಲಿದ್ದವರು ಮಾತನಾಡಿದರೆ ಗೊಣಗು ಕೇಳುತ್ತದೆ. ಯಾರೋ ಎದ್ದು ಬಿಳಿ ಹಲಗೆಯ ಮೇಲೆ ಚೌಕ, ಬಾಣ ಬರೆದರು. ಹಲಗೆಯ ಎಡ ಅರ್ಧ ಮಾತ್ರ ಕ್ಯಾಮೆರಾಕ್ಕೆ ಕಾಣುತ್ತಿತ್ತು. ಎಲ್ಲರೂ ನಕ್ಕರು, ಏಕೆಂದು ನಮಗೆ ಗೊತ್ತಾಗಲಿಲ್ಲ. 'ಉಳಿದದ್ದನ್ನು ನಾವೇ ಕುಳಿತು ಮುಗಿಸುತ್ತೇವೆ' ಎಂದು ಕರೆ ಮುಗಿಸಿದರು. ಆಮೇಲೆ ಯೋಜನೆಯ ದಾಖಲೆ ತೆರೆದರೆ ಹೊಸ ಸಾಲೊಂದು ಸೇರಿತ್ತು: ನಾವು ಕಟ್ಟುತ್ತಿದ್ದ ಭಾಗವನ್ನು ಅಲ್ಲಿಯದೇ ಇನ್ನೊಂದು ತಂಡ ವಹಿಸಿಕೊಳ್ಳಲಿದೆಯಂತೆ.

ಪ್ರಧಾನ ಕಚೇರಿಗೆ ವರ್ಗಾವಣೆ ಬೇಕೇ ಎಂದು ಮ್ಯಾನೇಜರ್ ಈಗ ಕೇಳುತ್ತಿದ್ದಾರೆ. ಹೋಗಬೇಕೇ? ಇಲ್ಲೇ ಇದ್ದು ಏನಾದರೂ ಬದಲಿಸಲು ಸಾಧ್ಯವೇ? ಅನುಭವವಿರುವವರು ಹೇಳಿ. 'ಕಂಪನಿಯನ್ನೇ ಬಿಡಿ' ಎಂಬ ಸಲಹೆ ಸದ್ಯಕ್ಕೆ ಬೇಡ.

ನೇರಮಾತು
ಹೋಗಿ. ಇದರಲ್ಲಿ ಕೇಳುವುದೇನಿದೆ?

ಹಳೆಯ_ಕೀಲಿಮಣೆ
ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕೋಡ್ ಭಂಡಾರದಲ್ಲಿ ಯಾವ ಭಾಗದ ಬದಲಾವಣೆಗೆ ಯಾರ ಒಪ್ಪಿಗೆ ಬೇಕು ಎಂದು ನಮೂದಿಸಿದ ಕಡತ ಇರುತ್ತದಲ್ಲ, ಅದನ್ನು ತೆರೆಯಿರಿ. ನೀವು ದಿನವೂ ಕೈಯಾಡಿಸುವ ಭಾಗಗಳಿಗೆ ಒಪ್ಪಿಗೆ ಕೊಡುವವರಲ್ಲಿ ನಿಮ್ಮ ಕಚೇರಿಯವರು ಎಷ್ಟು ಮಂದಿ ಇದ್ದಾರೆ? ಕಂಪನಿಯ ಸಂಘಟನಾ ನಕ್ಷೆ ಏನು ಬೇಕಾದರೂ ಹೇಳಲಿ, ಅಧಿಕಾರ ಎಲ್ಲಿದೆ ಎಂದು ತಿಳಿಸುವುದು ಆ ಕಡತ.

ಒಪ್ಪಿಗೆ ದೂರದಲ್ಲಿದ್ದರೆ ಏನಾಗುತ್ತದೆ ಎಂಬುದು ಇಲ್ಲಿ ಹಲವರಿಗೆ ಗೊತ್ತಿರಬಹುದು. ಸಂಜೆ ಕೋಡ್ ರಿವ್ಯೂಗೆ, ಅಂದರೆ ಅವರ ಪರಿಶೀಲನೆಗೆ, ಕಳುಹಿಸುತ್ತೀರಿ. ಬೆಳಿಗ್ಗೆ ಒಂದು ಸಾಲಿನ ಟಿಪ್ಪಣಿ ಬಂದಿರುತ್ತದೆ: 'ಈ ವೇರಿಯಬಲ್ಲಿನ ಹೆಸರು ಬದಲಿಸಬಹುದೇ?' ಬದಲಿಸುತ್ತೀರಿ, ಆ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ. ಮರುದಿನ ಇನ್ನೊಂದು: 'ಇದಕ್ಕೆ ಟೆಸ್ಟ್ ಎಲ್ಲಿ?' ಟೆಸ್ಟ್ ಪಕ್ಕದ ಕಡತದಲ್ಲೇ ಇದೆ. ಹಾಗೆಂದು ಬರೆದು ಮತ್ತೆ ಒಂದು ದಿನ ಕಾಯಬೇಕು. ಪಕ್ಕದ ಕುರ್ಚಿಯಲ್ಲಿದ್ದಿದ್ದರೆ ಕತ್ತು ತಿರುಗಿಸಿ ಮುಗಿಸಬಹುದಾಗಿದ್ದ ಮಾತು ಇಡೀ ವಾರವನ್ನು ತಿನ್ನುತ್ತದೆ. ವರ್ಷದ ಕೊನೆಗೆ 'ಆ ಕಚೇರಿಯವರ ವೇಗ ಸಾಲದು' ಎಂಬ ಷರಾ ಬೇರೆ.

ಮೈಕು, ಕ್ಯಾಮೆರಾ ಎಲ್ಲ ಆಮೇಲಿನ ಮಾತು. ನಿಮ್ಮ ಕಚೇರಿಗೆ ಸ್ವಂತದ್ದೆಂದು ಏನಿದೆ? ಒಂದಿಡೀ ಉತ್ಪನ್ನವೇ, ಅದರ ಒಂದು ತುಂಡೇ, ಅಥವಾ ಅಲ್ಲಿಯವರು ಬೇಡವೆಂದು ಬಿಟ್ಟ ಟಿಕೆಟ್‌ಗಳೇ, ಅಂದರೆ ಚಿಲ್ಲರೆ ಕೆಲಸಗಳೇ? ಹೋಗುವುದೋ ಇರುವುದೋ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಎರಡನೇ_ಪಾಳಿ
ಕೀಲಿಮಣೆಯವರ ಮಾತು ನೂರಕ್ಕೆ ನೂರು ನಿಜ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿಟ್ಟಿದ್ದರು: ಸಂಸ್ಥೆಯೊಳಗೆ ಯಾರು ಯಾರೊಡನೆ ಮಾತನಾಡುತ್ತಾರೋ, ಅವರು ಕಟ್ಟುವ ವ್ಯವಸ್ಥೆಯೂ ಅದೇ ರೂಪ ತಾಳುತ್ತದೆ ಎಂದು. ಎರಡು ಕಚೇರಿಗಳ ನಡುವೆ ಮಾತು ಕಡಿಮೆಯಾದರೆ ತಂತ್ರಾಂಶದ ಎರಡು ಮಾಡ್ಯೂಲ್‌ಗಳ (ಬಿಡಿಭಾಗಗಳ) ನಡುವಿನ ಬೆಸುಗೆಯೇ ಮೊದಲು ಬಿಡುವುದು. ನಮ್ಮಲ್ಲಿ ಯಾವ ದೋಷ ಯಾವ ಗಡಿಯಲ್ಲಿ ಹುಟ್ಟಿತು ಎಂದು ಹುಡುಕುತ್ತ ಹೋದರೆ ಹೆಚ್ಚಿನ ಸಲ ಅದು ಕಚೇರಿಗಳ ಗಡಿಯೇ ಆಗಿರುತ್ತದೆ.

ಕಾನ್ವೇ ಆ ಲೇಖನವನ್ನು ಮೊದಲು ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಕಳುಹಿಸಿದ್ದರು, ಅಲ್ಲಿ ತಿರಸ್ಕೃತವಾಯಿತು. ಡೇಟಮೇಷನ್ ಎಂಬ ಕಂಪ್ಯೂಟರ್ ಪತ್ರಿಕೆ ಅಚ್ಚು ಹಾಕಿತು. ಅನುಮೋದನೆಗೆ ಕಾಯುತ್ತಿರುವವರಿಗೆ ಸಮಾಧಾನವಾಗಲಿ ಎಂದು ಹೇಳಿದೆ.

ಮೂಲ_ಕಟ್ಟಡ
ನಾನು ಇನ್ನೊಂದು ಕಡೆಯವನು, ಪ್ರಧಾನ ಕಚೇರಿಯಲ್ಲೇ ಇರುವವನು. ಬೈಯುವ ಮೊದಲು ಸ್ವಲ್ಪ ಕೇಳಿಸಿಕೊಳ್ಳಿ.

ನಿಮ್ಮನ್ನು ಹೊರಗಿಡಬೇಕು ಎಂದು ಯಾರೂ ಸಂಚು ಮಾಡುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಕೋಣೆಯಿಂದ ಲಿಫ್ಟಿನವರೆಗೆ ನಡೆಯುವಾಗ ಒಬ್ಬರು ಏನೋ ಕೇಳುತ್ತಾರೆ, ಇನ್ನೊಬ್ಬರು 'ಹಾಗಾದರೆ ಹೀಗೆ ಮಾಡೋಣ' ಎನ್ನುತ್ತಾರೆ. ಅದು ನಿರ್ಧಾರ ಎಂದು ಅವರಿಗೂ ಅನ್ನಿಸಿರುವುದಿಲ್ಲ. ವಾರದ ನಂತರ ಎಲ್ಲರೂ ಅದನ್ನೇ ಹಿಡಿದು ಕೆಲಸ ಮಾಡುತ್ತಿರುತ್ತಾರೆ. ಬರೆದಿಡುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಒಪ್ಪುತ್ತೇನೆ.

ಆದರೆ ಪ್ರಾದೇಶಿಕ ಕಚೇರಿಯವರ ಬಗ್ಗೆಯೂ ಒಂದು ದೂರಿದೆ. ಮೀಟಿಂಗ್‌ನಲ್ಲಿ ತುಟಿ ಬಿಚ್ಚುವುದಿಲ್ಲ. 'ಯಾರಿಗಾದರೂ ಆಕ್ಷೇಪವಿದೆಯೇ?' ಎಂದರೆ ಮೌನ. ಮರುದಿನ ಮಾರುದ್ದದ ಇಮೇಲ್ ಬರುತ್ತದೆ, ಅದರಲ್ಲಿ ಆಕ್ಷೇಪಗಳ ಸರಮಾಲೆ. ಅಲ್ಲೇ ಹೇಳಿದ್ದರೆ ಏನಾಗುತ್ತಿತ್ತು?

ತಡರಾತ್ರಿ_ಕರೆ
@ಮೂಲ_ಕಟ್ಟಡ ಅವರೇ, 'ಆಕ್ಷೇಪವಿದೆಯೇ' ಎಂದು ಕೇಳಿ ನೀವು ಎಷ್ಟು ಹೊತ್ತು ಕಾಯುತ್ತೀರಿ? ನಿಮ್ಮ ಧ್ವನಿ ನಮಗೆ ತಲುಪಿ, ನಾವು ಮೈಕಿನ ಮೌನ ತೆಗೆದು, ನಮ್ಮ ಧ್ವನಿ ನಿಮಗೆ ತಲುಪುವ ಹೊತ್ತಿಗೆ ನೀವು ಮುಂದಿನ ವಿಷಯಕ್ಕೆ ಹೋಗಿರುತ್ತೀರಿ. ನಡುವೆ ಬಾಯಿ ಹಾಕಿದರೆ ಎರಡು ಧ್ವನಿ ಡಿಕ್ಕಿ ಹೊಡೆದು 'ಕ್ಷಮಿಸಿ, ನೀವು ಹೇಳಿ', 'ಇಲ್ಲ, ನೀವೇ ಹೇಳಿ' ಎಂಬ ನಾಟಕ. ಹಾಗಾಗಿ ಇಮೇಲ್.

ಮೂಲ_ಕಟ್ಟಡ
ಇದು ನನಗೆ ಹೊಳೆದಿರಲಿಲ್ಲ.

ಕಂಬಿಯಾಚೆ
ಹೊಳೆಯುವುದು ಹೇಗೆ? ಆ ಕಡೆ ಕುಳಿತವರಿಗೆ ವಿಳಂಬ ಕೇಳಿಸುವುದೇ ಇಲ್ಲ.

ನಮ್ಮ ಹಳೆಯ ತಂಡದಲ್ಲಿ ಒಂದು ನಿಯಮ ತಂದಿದ್ದರು: ಒಬ್ಬರೇ ಒಬ್ಬರು ದೂರದಿಂದ ಸೇರುವುದಿದ್ದರೂ ಎಲ್ಲರೂ ತಮ್ಮ ತಮ್ಮ ಮೇಜಿನಿಂದ, ತಮ್ಮ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಸೇರಬೇಕು. ಕೋಣೆಯಲ್ಲಿ ಗುಂಪಾಗಿ ಕೂರುವಂತಿಲ್ಲ. ಮೊದಲ ತಿಂಗಳು ಅಲ್ಲಿಯವರು ಗೊಣಗಿದರು. ನಂತರ ಮೀಟಿಂಗ್‌ಗಳೇ ಚಿಕ್ಕದಾದವು.

ನೇರಮಾತು
ಇವೆಲ್ಲ ಮುಲಾಮು. ಸತ್ಯ ಇಷ್ಟೇ: ದೊಡ್ಡ ಕೆಲಸ ಪ್ರಧಾನ ಕಚೇರಿಯಲ್ಲೇ ಹುಟ್ಟುತ್ತದೆ, ಉಳಿದ ಕಡೆ ಅದರ ನಿರ್ವಹಣೆ ನಡೆಯುತ್ತದೆ. ಇದು ಎಲ್ಲ ಕಂಪನಿಗಳಲ್ಲೂ ಹೀಗೆಯೇ. ಒಪ್ಪಿಕೊಂಡು ಗಂಟುಮೂಟೆ ಕಟ್ಟುವುದು ಜಾಣತನ.

ಚಿಪ್ಪು_ಚಿಂತಕ
@ನೇರಮಾತು, 'ಎಲ್ಲ ಕಂಪನಿಗಳಲ್ಲೂ' ಎನ್ನುವ ಮೊದಲು ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಿ.

ಚಿಪ್ಪು ಮಾಡುವ ಇಂಟೆಲ್‌ನ ಪ್ರಧಾನ ಕಚೇರಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದಲ್ಲಿದೆ. 2000ದಲ್ಲಿ ಪೆಂಟಿಯಂ 4 ಚಿಪ್ಪು ಬಂದಾಗ ಕಂಪನಿಯ ಮಂತ್ರ ಒಂದೇ ಆಗಿತ್ತು: ಚಿಪ್ಪಿನೊಳಗಿನ ಗಡಿಯಾರದ ವೇಗ ಏರಿಸು, ಗಿಗಾಹರ್ಟ್ಸ್ ಏರಿಸು. ಅದೇ ಹೊತ್ತಿಗೆ ಇಸ್ರೇಲಿನ ಹೈಫಾದಲ್ಲಿದ್ದ ತಂಡ ಲ್ಯಾಪ್‌ಟಾಪಿಗೆಂದು ಬೇರೆಯೇ ದಾರಿ ಹಿಡಿದಿತ್ತು: ಕಡಿಮೆ ವಿದ್ಯುತ್ತು, ಕಡಿಮೆ ಗಡಿಯಾರ ವೇಗ, ಒಂದೊಂದು ಬಡಿತದಲ್ಲಿ ಹೆಚ್ಚು ಕೆಲಸ. ಅದು 2003ರಲ್ಲಿ ಪೆಂಟಿಯಂ ಎಂ ಆಗಿ ಬಂತು. ಪೆಂಟಿಯಂ 4ರ ದಾರಿ ಬಿಸಿ ಮತ್ತು ವಿದ್ಯುತ್ತಿನ ಗೋಡೆಗೆ ಬಡಿದು, ಅದರ ಮುಂದಿನ ಪೀಳಿಗೆಯ ಚಿಪ್ಪನ್ನು 2004ರಲ್ಲಿ ಕೈಬಿಡಬೇಕಾಯಿತು. 2006ರ ಕೋರ್ 2 ಸಾಲು ಬೆಳೆದದ್ದು ಹೈಫಾದ ದಾರಿಯಿಂದ. ಪ್ರಾದೇಶಿಕ ಕಚೇರಿಯ ಆಲೋಚನೆ ಇಡೀ ಕಂಪನಿಯ ಆಲೋಚನೆಯಾಯಿತು.

ಎರಡನೇ_ಪಾಳಿ
ಹೈಫಾ ತಂಡಕ್ಕೆ ಅದು ಮೊದಲ ಸಲವೂ ಅಲ್ಲ. 8088 ಚಿಪ್ಪನ್ನು ವಿನ್ಯಾಸ ಮಾಡಿದ್ದೂ ಅವರೇ. 1981ರ ಐಬಿಎಂ ಪಿಸಿಯಲ್ಲಿ ಕೂತದ್ದು ಅದೇ ಚಿಪ್ಪು. ಆ ಪಿಸಿಯೂ ಐಬಿಎಂನ ಪ್ರಧಾನ ಕಚೇರಿಯಿದ್ದ ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿ ಹುಟ್ಟಲಿಲ್ಲ. ದೂರದ ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ, ಸಣ್ಣ ತಂಡವೊಂದು ಸುಮಾರು ಒಂದು ವರ್ಷದಲ್ಲಿ ಕಟ್ಟಿತು. ಹೊರಗಿನವರ ಚಿಪ್ಪು, ಹೊರಗಿನವರ ಆಪರೇಟಿಂಗ್ ಸಿಸ್ಟಂ. ಕಂಪನಿಯ ಮಾಮೂಲಿ ಅನುಮೋದನೆಯ ಮೆಟ್ಟಿಲುಗಳನ್ನು ಹತ್ತುತ್ತ ಕುಳಿತಿದ್ದರೆ ಅದು ಆಗುತ್ತಿರಲಿಲ್ಲ. ಅಂದರೆ ಒಂದು ಕಂಪನಿಯ ದೂರದ ಕಚೇರಿ ಇನ್ನೊಂದು ಕಂಪನಿಯ ದೂರದ ಕಚೇರಿಯ ಚಿಪ್ಪು ಹಾಕಿ ಪಿಸಿ ಮಾಡಿತು.

ನೇರಮಾತು
ಯಶಸ್ಸು ಬಂದ ಮೇಲೆ ಆ ತಂಡದ ಗತಿ ಏನಾಯಿತು, ಅದನ್ನೂ ಹೇಳಿ.

ಎರಡನೇ_ಪಾಳಿ
ಸರಿ, ಹೇಳುತ್ತೇನೆ. ದುಡ್ಡು ಬರತೊಡಗಿದ ಮೇಲೆ ಅದನ್ನು ಕಂಪನಿಯ ಸಾಮಾನ್ಯ ಆಡಳಿತದ ಚೌಕಟ್ಟಿಗೆ ಎಳೆದುಕೊಂಡರು, ಮೊದಲಿನ ಸ್ವಾತಂತ್ರ್ಯ ಉಳಿಯಲಿಲ್ಲ. ಅಂಕ ನಿಮಗೆ.

ಬೀಗದಕೈ
ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್ (PARC) ಮರೆತಿರಾ? 1973ರಲ್ಲಿ ಆಲ್ಟೊ ಕಂಪ್ಯೂಟರ್, ವಿಂಡೋಗಳಿರುವ ಪರದೆ, ಮೌಸ್, ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್ನೆಟ್, ಎಲ್ಲವನ್ನೂ ಮಾಡಿದ್ದು ಕ್ಯಾಲಿಫೋರ್ನಿಯಾದ ಪ್ರಯೋಗಾಲಯ. ದೇಶದ ಇನ್ನೊಂದು ತುದಿಯಲ್ಲಿದ್ದ ಆಡಳಿತಕ್ಕೆ ಅದರ ಬೆಲೆ ತಿಳಿಯಲಿಲ್ಲ, ಹಣ ಮಾಡಿಕೊಂಡವರು ಬೇರೆಯವರು. ದೂರದ ಕಚೇರಿಯವರು ಏನು ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅಂದ ಹಾಗೆ ಮೌಸ್ ಅನ್ನು ಅಲ್ಲಿಯವರೇ ಕಂಡುಹಿಡಿದರು.

ಚಿಪ್ಪು_ಚಿಂತಕ
ಎರಡು ತಿದ್ದುಪಡಿ. ಮೌಸ್ ಪಾರ್ಕ್‌ನದಲ್ಲ. ಡಗ್ಲಾಸ್ ಎಂಗಲ್‌ಬರ್ಟ್ ಅವರ ತಂಡ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲೇ ಮಾಡಿ, 1968ರಲ್ಲಿ ಎಲ್ಲರ ಮುಂದೆ ತೋರಿಸಿತ್ತು.

ಎರಡನೆಯದು, ಪಾರ್ಕ್ ಮಾಡಿದ್ದೆಲ್ಲ ವ್ಯರ್ಥವಾಯಿತು ಎಂಬುದೂ ಸುಳ್ಳು. ಲೇಸರ್ ಪ್ರಿಂಟರ್ ಕಥೆ ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಗ್ಯಾರಿ ಸ್ಟಾರ್ಕ್‌ವೆದರ್ ಮೊದಲು ಇದ್ದದ್ದು ಕಂಪನಿಯ ಮೂಲ ನೆಲೆಯಾದ ರಾಚೆಸ್ಟರ್ ಪಕ್ಕದ ವೆಬ್‌ಸ್ಟರ್ ಪ್ರಯೋಗಾಲಯದಲ್ಲಿ. ಲೇಸರ್‌ನಿಂದ ಮುದ್ರಿಸುವ ಆಲೋಚನೆಗೆ ಅವರ ಮೇಲಧಿಕಾರಿ ಅಡ್ಡಗಾಲು ಹಾಕಿದರು. ಅವರು 1971ರಲ್ಲಿ ದೂರದ ಪಾರ್ಕ್‌ಗೆ ವರ್ಗ ಮಾಡಿಸಿಕೊಂಡು ಅಲ್ಲಿ ಅದನ್ನು ಕಟ್ಟಿದರು. 1977ರಲ್ಲಿ ಝೆರಾಕ್ಸ್ 9700 ಆಗಿ ಮಾರುಕಟ್ಟೆಗೆ ಬಂತು, ಕಂಪನಿಗೆ ರಾಶಿ ಹಣ ತಂದಿತು. ಬೆಳೆಯಲಿಕ್ಕಾಗಿ ಅವರು ಹೋದದ್ದು ಕೇಂದ್ರದಿಂದ ಹೊರಕ್ಕೆ.

ಹಳೆಯ_ಕೀಲಿಮಣೆ
ಈ ಕಥೆಗಳಲ್ಲೆಲ್ಲ ಒಂದು ಎಳೆ ಇದೆ, ನೋಡಿ. ಹೈಫಾಗೆ ಕೊಟ್ಟದ್ದು ಇಡೀ ಚಿಪ್ಪು, ಬೋಕಾ ರೇಟನ್‌ಗೆ ಕೊಟ್ಟದ್ದು ಇಡೀ ಯಂತ್ರ. ಪೆಂಟಿಯಂ 4ರ ಒಂದು ಮೂಲೆಯನ್ನು ಹೈಫಾಗೆ ಕೊಟ್ಟು ದಿನವೂ ರಾತ್ರಿ ಕರೆಯಲ್ಲಿ ವರದಿ ಒಪ್ಪಿಸಿ ಎಂದಿದ್ದರೆ ಇವತ್ತು ನಾವು ಆ ಊರಿನ ಹೆಸರು ಎತ್ತುತ್ತಿರಲಿಲ್ಲ. ದೂರ ಎಂಬುದು ತನ್ನಷ್ಟಕ್ಕೆ ಶಾಪವಲ್ಲ. ದೂರವೂ ಇದ್ದು ಒಡೆತನವೂ ಇಲ್ಲದಿದ್ದರೆ ಮಾತ್ರ ನರಕ.

ಗಡಿಯಾರದ_ಗುಲಾಮ
ಯಾರಾದರೂ ಬೇಸಿಗೆ ಸಮಯದ ಬಗ್ಗೆ ಮಾತನಾಡಿ! ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನಮ್ಮ ಕ್ಯಾಲೆಂಡರ್ ಹುಚ್ಚಾಸ್ಪತ್ರೆ. ಮೀಟಿಂಗನ್ನು ಯಾರ ಸಮಯಕ್ಕೆ ಕಟ್ಟಿ ಇಟ್ಟಿದ್ದಾರೋ ಅವರಿಗೆ ಏನೂ ಆಗುವುದಿಲ್ಲ, ಉಳಿದವರು ಪರದಾಡುತ್ತಾರೆ. ಅದು ಯಾವಾಗಲೂ ಯಾರ ಸಮಯಕ್ಕೆ ಇರುತ್ತದೆ ಎಂದು ಬಾಯಿಬಿಟ್ಟು ಹೇಳಬೇಕೇ?

ಕಂಬಿಯಾಚೆ
ಗಡಿಯಾರ ಬದಲಿಸದ ದೇಶಗಳಲ್ಲಿರುವವರ ಪಾಡು ಇನ್ನೂ ಚೆನ್ನ. ನಾವು ಏನೂ ಮಾಡದೆಯೇ ವರ್ಷಕ್ಕೆ ಎರಡು ಬಾರಿ ನಮ್ಮ ರಾತ್ರಿ ಒಂದು ಗಂಟೆ ಆಚೀಚೆ ಸರಿಯುತ್ತದೆ.

ಗಡಿಯಾರದ_ಗುಲಾಮ
ಇಡೀ ಕಂಪನಿಯ ಮಹಾಸಭೆಯ ಸಮಯವನ್ನು ಸರದಿಯ ಮೇಲೆ ಬದಲಿಸಿ ಎಂದು ನಾವು ಕೇಳಿದೆವು. ಒಂದು ಸಲ ಅವರಿಗೆ ನಸುಕು, ಒಂದು ಸಲ ನಮಗೆ. ಒಪ್ಪಿದರು. ಅವರ ನಸುಕಿನ ಸರದಿ ಬಂದಾಗ ಮುಖ್ಯಸ್ಥರು ಮೊದಲೇ ಧ್ವನಿಮುದ್ರಿಸಿದ ವಿಡಿಯೊ ಹಾಕಿದರು.

ಮೂಲ_ಕಟ್ಟಡ
ನಗು ತಡೆಯಲಾಗಲಿಲ್ಲ. ನಮ್ಮಲ್ಲೂ ಅದೇ ಆಗಿದೆ.

ಬೀಗದಕೈ
ಎಲ್ಲರಿಗೂ ಬರುವ ಇಮೇಲ್‌ಗಳನ್ನೂ ಸೇರಿಸಿ. 'ನಾಲ್ಕನೇ ಕಟ್ಟಡದ ವಾಹನ ನಿಲುಗಡೆ ಜಾಗಕ್ಕೆ ಬಣ್ಣ ಬಳಿಯಲಾಗುತ್ತಿದೆ, ದಯವಿಟ್ಟು ಕಾರು ತೆಗೆಯಿರಿ.' ಸಾಗರದ ಈಚೆಗಿರುವ ನಾನು ಯಾವ ಕಾರು ತೆಗೆಯಲಿ?

ಅರ್ಧ_ದಾರಿ
ನಾನು ಹೋದವಳು. ಪ್ರಾದೇಶಿಕ ಕಚೇರಿಯಿಂದ ಪ್ರಧಾನ ಕಚೇರಿಗೆ ವರ್ಗ ಮಾಡಿಸಿಕೊಂಡು ಈಗ ಅಲ್ಲೇ ಇದ್ದೇನೆ. ಹಾಗಾಗಿ ಮೂಲ ಪ್ರಶ್ನೆಗೆ ಮರಳುತ್ತೇನೆ.

ಮೊದಲ ಲಾಭ ಕಣ್ಣಿಗೆ ಕಾಣುವಂಥದ್ದು: ಸುದ್ದಿ ಮುಂಚೆ ಸಿಗುತ್ತದೆ. ಯಾವ ಯೋಜನೆಗೆ ಜೀವವಿದೆ, ಯಾವುದು ಹೆಸರಿಗೆ ಮಾತ್ರ ಉಳಿದಿದೆ ಎಂಬುದು ನಡೆದಾಡುತ್ತಲೇ ಕಿವಿಗೆ ಬೀಳುತ್ತದೆ. ಬಡ್ತಿಯೂ ಸುಲಭ ಎನ್ನುವುದು ಅರ್ಧ ಸತ್ಯ. ಬಡ್ತಿ ಸಮಿತಿಯಲ್ಲಿ ಕುಳಿತವರು ಕಡತ ಓದುತ್ತಾರೆ, ನಿಜ. ಆದರೆ 'ಇವರ ಕೆಲಸ ನನಗೆ ಗೊತ್ತು' ಎಂದು ಒಬ್ಬರು ಹೇಳಿದರೆ ಕಡತ ಓದುವ ಧಾಟಿಯೇ ಬದಲಾಗುತ್ತದೆ. ಆ ಒಂದು ಮಾತು ಹೇಳುವವರು ಸಿಗುವುದು ಇಲ್ಲಿ ಸುಲಭ.

ನಷ್ಟಗಳನ್ನು ಯಾರೂ ಹೇಳುವುದಿಲ್ಲ. ಅಲ್ಲಿ ನಾನು ತಂಡಕ್ಕೇ ಬೇಕಾದವಳಾಗಿದ್ದೆ, ಇಲ್ಲಿ ಅಂಥವರು ಮಹಡಿಗೆ ನಲವತ್ತು ಮಂದಿ. ಕೆಲಸದ ಪರವಾನಗಿ ಉದ್ಯೋಗದಾತರಿಗೆ ಕಟ್ಟಿಹಾಕಿದ್ದಾದರೆ ಕೆಲಸ ಹೋದ ದಿನ ದೇಶವನ್ನೂ ಬಿಡುವ ಯೋಚನೆ ಮಾಡಬೇಕು. ಇದನ್ನು ಸಹಿ ಹಾಕುವ ಮೊದಲು ಯೋಚಿಸಿ, ಆಮೇಲಲ್ಲ. ಮತ್ತು ದೂರದ ಬೆಟ್ಟ ನುಣ್ಣಗೆ. ಬಂದು ನೋಡಿದರೆ ನಿರ್ಧಾರಗಳು ನಾನಿರುವ ಕಟ್ಟಡದಲ್ಲಿ ಆಗುವುದಿಲ್ಲ, ಎದುರಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಆಗುತ್ತವೆ.

ಎರಡನೇ_ಪಾಳಿ
@ಅರ್ಧ_ದಾರಿ ಅವರು ಹೇಳಿದ್ದಕ್ಕೆ ಆಧಾರವೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಎಂಜಿನಿಯರ್‌ಗಳ ಮೇಜುಗಳ ನಡುವಿನ ಅಂತರವನ್ನೂ ಅವರು ಮಾತನಾಡುವ ಪ್ರಮಾಣವನ್ನೂ 1970ರ ದಶಕದಲ್ಲಿ ಹೋಲಿಸಿ ನೋಡಿದ್ದರು. ಅಂತರ ಹೆಚ್ಚಿದಂತೆ ಮಾತು ಸರ್ರನೆ ಇಳಿಯುತ್ತದೆ. ಸುಮಾರು 50 ಮೀಟರ್ ದಾಟಿದ ಮೇಲೆ ಅದೇ ಕಟ್ಟಡದಲ್ಲಿದ್ದರೂ ಒಂದೇ, ಇನ್ನೊಂದು ಊರಿನಲ್ಲಿದ್ದರೂ ಹೆಚ್ಚುಕಡಿಮೆ ಒಂದೇ. ಆ ಲೆಕ್ಕದಲ್ಲಿ ಎದುರಿನ ಕಟ್ಟಡವೂ ಪ್ರಾದೇಶಿಕ ಕಚೇರಿಯೇ.

ನೇರಮಾತು
ಆಗ ಇಮೇಲ್, ವಿಡಿಯೊ ಕರೆ ಎಲ್ಲಿತ್ತು? ಹಳೆಯ ಲೆಕ್ಕ.

ಎರಡನೇ_ಪಾಳಿ
ಸ್ವಾಮಿ, ನೀವೇ ಹೇಳಿ: ದಿನಕ್ಕೆ ಹೆಚ್ಚು ಸಂದೇಶ ಕಳುಹಿಸುವುದು ಯಾರಿಗೆ? ಮುಖ ಕಾಣದವರಿಗೋ, ಪಕ್ಕದಲ್ಲೇ ಕೂರುವವರಿಗೋ?

ಖಾಲಿ_ಕುರ್ಚಿ
ಯಾರೂ ಎತ್ತದ ವಿಷಯ ಒಂದಿದೆ. ಖರ್ಚು ಕಡಿತದ ಕಾಲ ಬಂದಾಗ ಪ್ರಧಾನ ಕಚೇರಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹೋಗುತ್ತಾರೆ. ಪ್ರಾದೇಶಿಕ ಕಚೇರಿಯಾದರೆ ಇಡೀ ಸಾಲನ್ನೇ ಅಳಿಸುತ್ತಾರೆ. ಕಟ್ಟಡದ ಬಾಡಿಗೆ, ನಿರ್ವಹಣೆ, ಸ್ಥಳೀಯ ಆಡಳಿತ ಎಲ್ಲವೂ ಒಂದೇ ಏಟಿಗೆ ಉಳಿತಾಯ. ನಮ್ಮದನ್ನು ಹಾಗೆಯೇ ಮುಚ್ಚಿದರು. ನಮ್ಮ ಉತ್ಪನ್ನ ಲಾಭದಲ್ಲಿತ್ತು ಎಂದು ಹೇಳಿದರೂ ಕೇಳುವ ಕಿವಿ ಇರಲಿಲ್ಲ. ಕೋಡ್ ಹಸ್ತಾಂತರಕ್ಕೆ ಅಲ್ಲಿಂದ ಬಂದವರಲ್ಲಿ ಒಬ್ಬರು ನಮ್ಮ ಸರ್ವರ್‌ಗಳ ಎಚ್ಚರಿಕೆ ಪಟ್ಟಿ ನೋಡಿ, 'ರಾತ್ರಿ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಿದ್ದರು?' ಎಂದು ಕೇಳಿದರು. ನಾವು. ಅವರ ರಾತ್ರಿ ನಮ್ಮ ಹಗಲಾಗಿತ್ತು.

ಹಳೆಯ_ಕೀಲಿಮಣೆ
ಕೇಳಿ ಬೇಸರವಾಯಿತು. ಲಾಭವಿದ್ದೂ ಮುಚ್ಚಿದರೆಂದರೆ ನಿಮ್ಮ ಪರವಾಗಿ ಮಾತನಾಡುವವರು ಮೇಲಿನ ಕೋಣೆಯಲ್ಲಿ ಇರಲಿಲ್ಲ ಎಂದಾಯಿತು. ಒಡೆತನವೊಂದಿದ್ದರೆ ಸಾಕು ಎಂಬ ನನ್ನ ವಾದಕ್ಕೆ ಇದು ಪೆಟ್ಟೇ.

ಕಂಬಿಯಾಚೆ
ಅದಕ್ಕೇ ಪ್ರಧಾನ ಕಚೇರಿಯೇ ಇಲ್ಲದ ಕಂಪನಿ ಹುಡುಕಿ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯವರು ಎಲ್ಲರೂ ದೂರದಿಂದಲೇ ಕೆಲಸ ಮಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ, ಒಳಗಿನ ಕೈಪಿಡಿಯನ್ನೂ ಬಹಿರಂಗವಾಗಿಯೇ ಪ್ರಕಟಿಸಿದ್ದಾರೆ. ಬರೆಯದಿದ್ದರೆ ಅಲ್ಲಿ ಕೆಲಸವೇ ಸಾಗದು. ಲಿಫ್ಟ್ ಇಲ್ಲದ ಕಡೆ ಲಿಫ್ಟಿನ ಮಾತೂ ಇಲ್ಲ.

ನೇರಮಾತು
ಕಂಪನಿ ಬಿಡಿ ಎನ್ನಬೇಡಿ ಎಂದು ಪ್ರಶ್ನೆಯಲ್ಲೇ ಬರೆದಿದ್ದಾರೆ. ಓದಿ.

ಕಂಬಿಯಾಚೆ
ನೀವು ಪ್ರಶ್ನೆ ಪೂರ್ತಿ ಓದಿದ್ದೀರಿ ಎಂಬುದೇ ಇವತ್ತಿನ ದೊಡ್ಡ ಸುದ್ದಿ.

ನಿರ್ವಾಹಕ
ಇಬ್ಬರೂ ವಿಷಯಕ್ಕೆ ಬನ್ನಿ.

ಮೂಲ_ಕಟ್ಟಡ
@ತಡರಾತ್ರಿ_ಕರೆ, ಈ ಕಡೆಯಿಂದ ಒಂದು ಸಲಹೆ. ಪೂರ್ತಿ ವರ್ಗಾವಣೆಗೆ ಬದಲಾಗಿ ಕೆಲವು ತಿಂಗಳ ಮಟ್ಟಿಗೆ ಬರಲು ಸಾಧ್ಯವೇ ಎಂದು ಕೇಳಿ. ಯೋಜನೆಗಳನ್ನು ನಿಗದಿಪಡಿಸುವ ಕಾಲಕ್ಕೇ ಬನ್ನಿ, ಉತ್ಪನ್ನ ಬಿಡುಗಡೆಯ ಸಂಭ್ರಮಕ್ಕೆ ಬರಬೇಡಿ. ಬಿಡುಗಡೆಯ ಹೊತ್ತಿನಲ್ಲಿ ಎಲ್ಲರೂ ಕೈಕುಲುಕುತ್ತಾರೆ, ಯಾರೂ ಮಾತಿಗೆ ಸಿಗುವುದಿಲ್ಲ. ಹಿಂದಿರುಗುವಾಗ ಒಂದು ಭಾಗವನ್ನು ಪೂರ್ತಿಯಾಗಿ, ಒಪ್ಪಿಗೆಯ ಹಕ್ಕಿನ ಸಮೇತ, ನಿಮ್ಮ ಕಚೇರಿಗೆ ಬರೆಸಿಕೊಂಡು ಹೋಗಿ. ಬಾಯಿಮಾತಿನ ಭರವಸೆ ಬೇಡ. ಭರವಸೆ ಕೊಟ್ಟ ಮ್ಯಾನೇಜರ್ ಮುಂದಿನ ವರ್ಷ ಬೇರೆ ವಿಭಾಗದಲ್ಲಿರುತ್ತಾರೆ.

ಅರ್ಧ_ದಾರಿ
ಇದು ಒಳ್ಳೆಯ ಸಲಹೆ. ಸೇರಿಸುವುದಾದರೆ: ನಿಮ್ಮ ಬಡ್ತಿಯ ಕಡತವನ್ನು ಯಾರು ಮಂಡಿಸುತ್ತಾರೆ ಎಂದು ಈಗಲೇ ಕೇಳಿ. ನಿಮ್ಮ ಕಚೇರಿಯ ಮ್ಯಾನೇಜರೋ, ದಿನದ ಕೆಲಸ ಹೇಳುವ ಅಲ್ಲಿಯ ಮ್ಯಾನೇಜರೋ? ಇಬ್ಬರೂ 'ಅವರು ಮಂಡಿಸುತ್ತಾರೆ' ಎಂದು ಪರಸ್ಪರ ಕೈತೋರಿಸಿದ ಪ್ರಕರಣ ನಾನು ಕಂಡಿದ್ದೇನೆ.

ತಡರಾತ್ರಿ_ಕರೆ
ಎಲ್ಲರಿಗೂ ವಂದನೆ. ಹಳೆಯ_ಕೀಲಿಮಣೆಯವರು ಹೇಳಿದ ಕಡತವನ್ನು ಈಗಷ್ಟೇ ತೆರೆದು ನೋಡಿದೆ. ನಾವು ಬರೆದ ಭಾಗಗಳಿಗೆ ಒಪ್ಪಿಗೆ ಕೊಡುವವರ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಏಳು ಅಲ್ಲಿಯವು. ನಮ್ಮ ಕಚೇರಿಯವು ಎರಡು. ಅದರಲ್ಲಿ ಒಬ್ಬರು ಕಂಪನಿ ಬಿಟ್ಟು ಹೋಗಿದ್ದಾರೆ, ಹೆಸರು ತೆಗೆದಿಲ್ಲ.

ವರ್ಗಾವಣೆಯ ಮಾತು ಸದ್ಯಕ್ಕೆ ತಡೆಹಿಡಿದು, ಕೆಲವು ತಿಂಗಳ ಭೇಟಿಯನ್ನೂ ಆ ಪಟ್ಟಿಯಲ್ಲಿ ನಮ್ಮವರಿಗೆ ಇನ್ನೆರಡು ಜಾಗವನ್ನೂ ಕೇಳುತ್ತೇನೆ. ಇಲ್ಲ ಎಂದರೆ ಆಗ ನೇರಮಾತು ಅವರ ದಾರಿ.

ಹಳೆಯ_ಕೀಲಿಮಣೆ
ಹೆಸರು ಸೇರಿಸುವ ಆ ಬದಲಾವಣೆಗೂ ಅವರದೇ ಒಪ್ಪಿಗೆ ಬೇಕು ಎಂಬುದು ನೆನಪಿರಲಿ. ಅವರು ಕಚೇರಿಗೆ ಬರುವ ಹೊತ್ತಿಗೆ ಸರಿಯಾಗಿ ಕಳುಹಿಸಿ, ಇಲ್ಲದಿದ್ದರೆ ಅದಕ್ಕೂ ವಾರ ಹಿಡಿಯುತ್ತದೆ.

ಗಡಿಯಾರದ_ಗುಲಾಮ
ಮತ್ತು ಮಾರ್ಚ್‌ನ ಎರಡನೇ ಭಾನುವಾರದ ಮೊದಲೇ ಕಳುಹಿಸಿ.